ಔಷಧದ ಟ್ರಾಲಿಯನ್ನೂ ತಪಾಸಣೆ ಮಾಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಹಿರಿಯರ ಆರೈಕೆ ಕೇಂದ್ರಗಳ ತಪಾಸಣೆಗೆ ಹೋಗುವ ನಿಮ್ಮ ಅಧಿಕಾರಿಗಳು ರಿಜಿಸ್ಟರ್ ತೆರೆಯುವ ಮೊದಲು ಔಷಧದ ಟ್ರಾಲಿ ನೋಡಲಿ ಎಂಬುದು ನರ್ಸ್‌ಗಳಾದ ನಮ್ಮ ಕೋರಿಕೆ. ಬೆಳಗಿನ ಮಾತ್ರೆಗಳನ್ನು ಹಿಂದಿನ ರಾತ್ರಿಯೇ ಬಿಡಿಸಿ ಪುಟ್ಟ ಕಪ್ಪುಗಳಲ್ಲಿ ಇಟ್ಟಿದ್ದರೆ ತಪ್ಪಿಗೆ ದಾರಿ ಆಗಲೇ ತೆರೆದಿದೆ. ಸ್ಟ್ರಿಪ್‌ನಿಂದ ಹೊರಬಂದ ಬಿಳಿ ಮಾತ್ರೆ ಬಿ.ಪಿ.ಯದೋ ಥೈರಾಯ್ಡಿನದೋ ಎಂದು ಬೆಳಗಿನ ಪಾಳಿಯವರಿಗೆ ಹೇಗೆ ಗೊತ್ತಾಗಬೇಕು? ಒಬ್ಬರ ಮಾತ್ರೆ ತೆಗೆದು, ಕೊಟ್ಟು, ನುಂಗಿದ್ದನ್ನು ನೋಡಿ, ಆಮೇಲೆ ಸಹಿ. ಮುಂದಿನವರ ಸರದಿ ಅದಾದ ಮೇಲೆ. ಮರೆವಿನ ಕಾಯಿಲೆಯವರು ಯಾವ ಹೆಸರು ಕೂಗಿದರೂ ಹೂಂ ಎನ್ನಬಹುದು, ಹಾಗಾಗಿ ಔಷಧ ಪಟ್ಟಿಯ ಮೇಲೆ ಫೋಟೊ ಇರಲೇಬೇಕು.

ನುಂಗಲಾಗದವರಿಗೆ ಎಲ್ಲವನ್ನೂ ಅರೆದು ಕೊಡುವ ರೂಢಿ ಇನ್ನೂ ಕೆಟ್ಟದ್ದು. ಹೆಸರಿನ ಕೊನೆಗೆ ಎಸ್‌ಆರ್, ಎಕ್ಸ್‌ಎಲ್, ಸಿಆರ್ ಎಂದಿರುವ ಮಾತ್ರೆಗಳು ಔಷಧವನ್ನು ಗಂಟೆಗಟ್ಟಲೆ ನಿಧಾನವಾಗಿ ಬಿಡಬೇಕು. ಅರೆದರೆ ಅಷ್ಟೂ ಒಮ್ಮೆಲೇ ರಕ್ತ ಸೇರುತ್ತದೆ. ಬಿ.ಪಿ. ಮಾತ್ರೆಯಾಗಿದ್ದರೆ ಒತ್ತಡ ಕುಸಿದು ಹಿರಿಯರು ಬೀಳುತ್ತಾರೆ, ಕಡತದಲ್ಲಿ ಮಾತ್ರ ‘ಕಾಲು ಜಾರಿ ಬಿದ್ದರು’ ಎಂದಾಗುತ್ತದೆ. ಅರೆಯುವ ಮುನ್ನ ಫಾರ್ಮಸಿಸ್ಟರನ್ನು ಕೇಳಬೇಕು, ಎಷ್ಟೋ ಔಷಧಗಳು ಸಿರಪ್ಪಾಗಿಯೂ ಸಿಗುತ್ತವೆ. ಮೂಗಿನ ನಳಿಕೆಯಲ್ಲಾದರೆ ಒಂದೊಂದೇ ಔಷಧ, ಮೊದಲು, ನಡುವೆ, ಕೊನೆಗೆ ಕನಿಷ್ಠ 15 ಮಿ.ಲೀ. ನೀರು (ವೈದ್ಯರು ನೀರಿಗೆ ಮಿತಿ ಹಾಕಿದ್ದರೆ ಅವರು ಹೇಳಿದಷ್ಟು). ಎಲ್ಲ ಕಲಸಿ ಹಾಕಿದರೆ ನಳಿಕೆ ಕಟ್ಟಿಕೊಳ್ಳುತ್ತದೆ.

ಇನ್ಸುಲಿನ್ ವಿಷಯದಲ್ಲಿ ಲೆಕ್ಕವನ್ನೇ ನೋಡಿ. ಒಂದು ಮಿ.ಲೀ.ಗೆ 100 ಯೂನಿಟ್ ಇರುವ ಇನ್ಸುಲಿನ್ನನ್ನು ಯು-40 ಸಿರಿಂಜಿನಲ್ಲಿ (ಮಿ.ಲೀ.ಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆಂದು ಗೆರೆ ಹಾಕಿದ್ದು) 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಯು-40 ಬಾಟಲಿಗೆ ಯು-100 ಸಿರಿಂಜು ಬಳಸಿದರೆ ಅದೇ ಗೆರೆಗೆ ಬರುವುದು ಬರೀ 8. ಒಂದು ಕೇಂದ್ರದಲ್ಲಿ ಒಂದೇ ಬಗೆ ಎಂದು ಆದೇಶಿಸಿದರೆ ಈ ಗೊಂದಲ ಮುಗಿಯುತ್ತದೆ. ಚುಚ್ಚಿದ ಮೇಲೆ ಊಟ ತಡವಾದರೆ ಶುಗರ್ ಇಳಿಯುತ್ತದೆ, ಆದ್ದರಿಂದ ವೇಗವಾಗಿ ಕೆಲಸ ಮಾಡುವ ಇನ್ಸುಲಿನ್ ಕೊಡುವ ಮುನ್ನ ತಟ್ಟೆ ಎದುರಿಗಿರಬೇಕು.

ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ದಿನವೂ ಕೊಟ್ಟರೆ ಮೂಳೆಮಜ್ಜೆ ಸೊರಗಿ ಜೀವಕ್ಕೇ ಅಪಾಯ. ಪಟ್ಟಿಯಲ್ಲಿ ಕೊಡುವ ದಿನದ ಹೆಸರನ್ನು ಅಕ್ಷರದಲ್ಲಿ ಬರೆದು ಉಳಿದ 6 ದಿನದ ಚೌಕಗಳಿಗೆ ಗೀಟು ಹಾಕಿದರೆ ಸಾಕು.

ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನಂಥವನ್ನು ಕೊಡುವ ಮೊದಲು ಇನ್ನೊಬ್ಬರು ನೋಡಬೇಕೆಂದು ತರಬೇತಿಯಲ್ಲಿ ಕಲಿಸುತ್ತಾರೆ. ರಾತ್ರಿ ಪಾಳಿಗೆ ಇರುವವರೇ ಒಬ್ಬರಾದರೆ ಆ ‘ಇನ್ನೊಬ್ಬರು’ ಯಾರು? ಔಷಧ ಕೊಡುತ್ತಿರುವ ನರ್ಸನ್ನು ಫೋನಿಗೆ, ಬಾಗಿಲಿಗೆ ಕರೆಯಬಾರದೆಂಬ ನಿಯಮವೂ, ಪ್ರತಿ ಪಾಳಿಗೆ ಕನಿಷ್ಠ ಇಬ್ಬರು ನರ್ಸ್‌ಗಳೂ ಬೇಕು. ತಪ್ಪಾಯಿತೆಂದು ತಾವಾಗಿ ಬರೆದುಕೊಟ್ಟವರ ಸಂಬಳ ಹಿಡಿಯುವುದನ್ನೂ ನಿಲ್ಲಿಸಿ. ಯಾವ ಮಾತ್ರೆ ಹೋಯಿತೆಂದು ಆ ಕ್ಷಣವೇ ವೈದ್ಯರಿಗೆ ತಿಳಿದರೆ ಮಾಡುವುದಕ್ಕೆ ಏನಾದರೂ ಇರುತ್ತದೆ, ಬೆಳಗಾದ ಮೇಲೆ ಎಷ್ಟೋ ಸಲ ಇರುವುದಿಲ್ಲ.

ಇತಿ,
ಹಿರಿಯರ ಆರೈಕೆಯಲ್ಲಿರುವ ನರ್ಸ್‌ಗಳು