ಬೇಗೂರಿನ ಅಣ್ಣನಿಗೆ

ಭಾನುವಾರ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸಹಾಯ ಮಾಡಿದ ಅಣ್ಣಾ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಸುಮಾರು ಕ್ರಿ.ಶ. 890ರ ಆ ಶಾಸನದ ಕಲ್ಲಿನಲ್ಲಿ ಬೆಂಗಳೂರಿನ ಹೆಸರಿದೆ ಅಂತ ಓದಿ ಬಂದಿದ್ದೆ. ಎಷ್ಟು ಫೋಟೊ ತೆಗೆದರೂ ಒಂದಕ್ಷರ ಕಾಣಲಿಲ್ಲ. ನೀವು ಹೂವಿನ ಬುಟ್ಟಿ ಕೆಳಗಿಟ್ಟು ಬಂದು, ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕದಿಂದ ಹಿಡಿದಿರಿ. ಓರೆ ಬೆಳಕು ಬಿದ್ದಿದ್ದೇ ತಡ, ಗೆರೆಗಳಲ್ಲಿ ನೆರಳು ತುಂಬಿ ಹಳಗನ್ನಡದ ಅಕ್ಷರಗಳು ಎದ್ದು ಬಂದವು! ಬೆಂಗಳೂರಿನ ಕಾಳಗದಲ್ಲಿ ಸತ್ತ ಬುಟ್ಟಣಸೆಟ್ಟಿಯ ಸಾಲನ್ನು, ಕಲ್ಲಿಗೆ ಬೆರಳು ತಾಗಿಸದೆ ತೋರಿಸಿದಿರಿ. ಊರಿಗೆ ಬೆಂಗಳೂರು ಅನ್ನೋ ಹೆಸರು ಬಂದದ್ದು ಹೀಗೆ ಅಂತ ಹೇಳುವ ಬಲ್ಲಾಳರಾಯನ ಬೆಂದಕಾಳಿನ ಕಥೆಗಿಂತ ಸುಮಾರು 300 ವರ್ಷ ಹಿಂದಿನ ಮಾತು, ಅಲ್ವಾ? ಆ ಫೋಟೊ ನೋಡಿದ ನಮ್ಮ ಬೀದಿಯ ಮಕ್ಕಳು ಈಗಲೇ ಹೋಗೋಣ ಅಂತ ಹಟ ಹಿಡಿದಿದ್ದಾರೆ. ಮುಂದಿನ ಭಾನುವಾರ ಎಲ್ಲರೂ ಬರುತ್ತೇವೆ. ತುಂಬಾ ಥ್ಯಾಂಕ್ಸ್ ಅಣ್ಣಾ.