ಶುಗರ್ ಇದ್ದವರ ಕಾಲಿಗೂ ಡಾಪ್ಲರ್ ಪರೀಕ್ಷೆ ಆಗಲಿ

ಮಾನ್ಯ ಸಂಪಾದಕರೇ,

ನಮ್ಮ ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ ಕಡೆ ಸ್ಕ್ಯಾನಿಂಗ್ ಅಂದರೆ ಬಸುರಿಯರಿಗೆ, ಇಲ್ಲವೇ ಕಿಡ್ನಿಯಲ್ಲಿ ಹರಳಾದವರಿಗೆ ಅಂತಲೇ ಜನ ತಿಳಿದಿದ್ದಾರೆ. ಕಾಲಿನ ರಕ್ತನಾಳ ಎಲ್ಲಿ ಕಟ್ಟಿದೆ ಅಂತಲೂ ಅದರಿಂದ ನೋಡಬಹುದು, ಅದಕ್ಕೆ ಡಾಪ್ಲರ್ ಸ್ಕ್ಯಾನ್ ಅಂತಾರೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಬೆರಳು ಕಪ್ಪಾಗುವವರೆಗೆ ಸುಮ್ನೆ ಮುಲಾಮು ಹಚ್ಚುತ್ತಾ ಕೂರುತ್ತಾರೆ, ಆಮೇಲೆ ಬೆಳಗಾವಿಗೋ ಮೀರಜ್‌ಗೋ ಓಡುತ್ತಾರೆ, ಬೆರಳನ್ನೋ ಕಾಲನ್ನೋ ಕಳೆದುಕೊಂಡು ಬರುತ್ತಾರೆ. ನಮ್ಮ ಓಣಿಯ ಹಿರಿಯರೊಬ್ಬರಿಗೆ ಹೀಗೇ ಆಯಿತು. ಸ್ವಲ್ಪ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ನಿಂತರೆ ಬಿಡುತ್ತಿತ್ತು. ತೋರಿಸಿದ ಕಡೆಯೆಲ್ಲ ನೋವಿನ ಮಾತ್ರೆ ಕೊಟ್ಟರು. ಪಾದದ ನಾಡಿ ಮುಟ್ಟಿ ನೋಡಿದವರು ಒಬ್ಬರೂ ಇಲ್ಲ.

ನಡೆದಾಗ ಬಂದು ನಿಂತಾಗ ಹೋಗುವ ಈ ನೋವೇ ದೊಡ್ಡ ಸುಳಿವು. ನಾಳದ ಒಳಗೆ ಕೊಬ್ಬು ಸೇರಿ ದಾರಿ ಕಿರಿದಾಗಿರಬಹುದು. ಶುಗರ್, ಬಿಪಿ, ಬೀಡಿ-ಸಿಗರೇಟು ಇದ್ದವರಿಗೆ ಇದು ಜಾಸ್ತಿ. ಆದರೆ ಶುಗರ್ ಹಳೆಯದಾದವರಲ್ಲಿ ಎಷ್ಟೋ ಜನರ ಕಾಲು ಜೋಮು ಹಿಡಿದಿರುತ್ತದೆ, ಅವರಿಗೆ ನೋವೇ ಗೊತ್ತಾಗುವುದಿಲ್ಲ. ನೋವಿಲ್ಲ ಅಂತ ಬಿಡೋಕಾಗಲ್ಲ, ಅಲ್ವಾ?

ಡಾಪ್ಲರ್ ಸ್ಕ್ಯಾನ್‌ನಲ್ಲಿ ಸೂಜಿ ಚುಚ್ಚುವುದಿಲ್ಲ, ಎಕ್ಸ್‌ರೇ ಥರ ವಿಕಿರಣವೂ ಇಲ್ಲ. ಜೆಲ್ ಹಚ್ಚಿ, ಪ್ರೋಬ್ ಅನ್ನುವ ಕೈ ಉಪಕರಣ ಇಟ್ಟರೆ, ಕಿವಿಗೆ ಕೇಳದ ಶಬ್ದದ ಅಲೆ ಒಳಗೆ ಹೋಗಿ ಹರಿಯುವ ರಕ್ತಕಣಗಳಿಗೆ ತಾಗಿ ವಾಪಸ್ ಬರುತ್ತದೆ, ಅದರಿಂದ ಯಂತ್ರ ರಕ್ತದ ವೇಗ ಲೆಕ್ಕ ಹಾಕುತ್ತದೆ. ಕಾಲುವೆ ಕಿರಿದಾದ ಕಡೆ ನೀರು ನುಗ್ಗುವ ಹಾಗೆ, ನಾಳ ಕಿರಿದಾದ ಕಡೆ ರಕ್ತದ ವೇಗ ಏರುತ್ತದೆ. ಪೂರ್ತಿ ಕಟ್ಟಿದ್ದರೆ ಹರಿವೇ ಕಾಣುವುದಿಲ್ಲ. ಪರದೆಯ ಮೇಲಿನ ಕೆಂಪು-ನೀಲಿ ನೋಡಿ ಒಳ್ಳೆ ರಕ್ತ, ಕೆಟ್ಟ ರಕ್ತ ಅಂತ ಗಾಬರಿಯಾಗಬೇಡಿ. ರಕ್ತ ಪ್ರೋಬ್ ಕಡೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಅಂತ ಅವು ತೋರಿಸುತ್ತವೆ, ಅಷ್ಟೇ.

ಇದಕ್ಕೂ ಮೊದಲು ಮಾಡಬಹುದಾದ ಸುಲಭದ ಪರೀಕ್ಷೆಯೊಂದಿದೆ, ನನ್ನ ಒತ್ತಾಯ ಮುಖ್ಯವಾಗಿ ಅದಕ್ಕೆ. ಬಿಪಿ ಪಟ್ಟಿಯನ್ನು ತೋಳಿಗೂ ಕಣಕಾಲಿಗೂ ಕಟ್ಟಿ, ಜೇಬಿನಲ್ಲಿ ಹಿಡಿಸುವಷ್ಟು ಸಣ್ಣ ಡಾಪ್ಲರ್‌ನಿಂದ ನಾಡಿಯ ಶಬ್ದ ಕೇಳುತ್ತಾ ಎರಡೂ ಕಡೆಯ ಒತ್ತಡ ಅಳೆಯುತ್ತಾರೆ. ತೋಳಿನಲ್ಲಿ 140, ಕಾಲಿನಲ್ಲಿ 84 ಇದ್ದರೆ, ಕಾಲಿನದನ್ನು ತೋಳಿನದರಿಂದ ಭಾಗಿಸಿದಾಗ 0.6 ಬರುತ್ತದೆ. 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಲಿಗೆ ರಕ್ತ ಸಾಲುತ್ತಿಲ್ಲ ಅಂತಲೇ ಅನುಮಾನ. ಶುಗರ್ ಇದ್ದವರಲ್ಲಿ ನಾಳ ಗಡುಸಾಗಿ ಅಂಕಿ 1.4 ದಾಟಬಹುದು. ಅದನ್ನು ನೋಡಿ ಕಾಲು ಚೆನ್ನಾಗಿದೆ ಅಂತ ಕಳಿಸಬಾರದು, ಹೆಬ್ಬೆರಳಿನ ಒತ್ತಡ ಅಳೆಯಬೇಕು, ಪೂರ್ತಿ ಸ್ಕ್ಯಾನ್ ಮಾಡಿಸಬೇಕು.

ತಾಲ್ಲೂಕು ಆಸ್ಪತ್ರೆಗಳ ಎನ್‌ಸಿಡಿ (ಒಬ್ಬರಿಂದೊಬ್ಬರಿಗೆ ಅಂಟದ ರೋಗಗಳ) ಕ್ಲಿನಿಕ್‌ನಲ್ಲಿ 30 ದಾಟಿದವರಿಗೆ ಬಿಪಿ, ಶುಗರ್ ನೋಡುತ್ತಾರೆ, ಒಳ್ಳೆಯದೇ. ಅದೇ ಕೋಣೆಯಲ್ಲಿ ಶುಗರ್ ಇದ್ದವರ ಚಪ್ಪಲಿ ಬಿಡಿಸಿ ಪಾದವನ್ನೂ ನೋಡಲಿ, ಈ ಅಳತೆಯನ್ನೂ ಮಾಡಲಿ. ಅನುಮಾನ ಬಂದವರಿಗೆ ವಾರಕ್ಕೊಂದು ದಿನವಾದರೂ ಅಲ್ಲೇ ಡಾಪ್ಲರ್ ಸ್ಕ್ಯಾನ್ ಸಿಗಲಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಂತೆ ಸ್ಕ್ಯಾನಿಂಗ್ ಯಂತ್ರ ನೋಂದಣಿ ಆಗಬೇಕು, ಅರ್ಹ ವೈದ್ಯರೇ ಅದನ್ನು ನಡೆಸಬೇಕು. ಆ ಕಾಯ್ದೆ ಖಂಡಿತ ಬೇಕು. ಹಾಗಿರುವಾಗ ಸ್ಕ್ಯಾನಿಂಗ್ ತಜ್ಞ ವೈದ್ಯರ (ರೇಡಿಯಾಲಜಿಸ್ಟ್) ಹುದ್ದೆ ತುಂಬುವುದೂ ಸರ್ಕಾರದ ಕೆಲಸವೇ.

ದಿನವಿಡೀ ಮಗ್ಗದ ಮುಂದೆ ನಿಲ್ಲುವ ನೇಕಾರರ ಕಾಲಿನ ಉಬ್ಬಿದ ನರಗಳನ್ನೂ ಇದೇ ಯಂತ್ರ ನೋಡುತ್ತದೆ. ಇನ್ನೊಂದು ಮಾತು, ಒಂದೇ ಕಾಲು ಇದ್ದಕ್ಕಿದ್ದಂತೆ ಬಾತರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅಂಥವರು ಯಾವ ವಾರಕ್ಕೂ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಬಾಗಲಕೋಟೆ ಜಿಲ್ಲೆಯ ಯಾವ ತಾಲ್ಲೂಕಿನಲ್ಲಿ ಯಾವ ದಿನ ಡಾಪ್ಲರ್ ಪರೀಕ್ಷೆ ಸಿಗುತ್ತದೆ ಅಂತ ಜಿಲ್ಲಾ ಆರೋಗ್ಯಾಧಿಕಾರಿಗಳು ಇದೇ ಪತ್ರಿಕೆಯ ಮೂಲಕ ತಿಳಿಸಬೇಕು.

— ಒಬ್ಬ ನೇಕಾರ, ಬನಹಟ್ಟಿ