ಉಳಿಸು, ಆದರೆ ಊಟದಲ್ಲಿ ಬೇಡ

ಚಿ. ಈರಣ್ಣನಿಗೆ ಗದಗಿನಿಂದ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರಾಮ. ರೋಹಿಣಿ ಮಳೆ ಚೆನ್ನಾಗಿ ಆಯಿತು, ಇನ್ನು ಮಿರಗ ಕೂಡುವುದನ್ನೇ ಕಾಯುತ್ತಿದ್ದೇವೆ. ಫೋನಿನಲ್ಲಿ ಏನೇ ಹೇಳಿದರೂ ನೀನು "ಹ್ಞೂಂ ಮಾವ, ಆಯ್ತು ಮಾವ" ಅಂತ ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪುರುಸೊತ್ತು ಮಾಡಿಕೊಂಡು ಪೂರ್ತಿ ಓದು.

ಮೊನ್ನೆ ನಿಮ್ಮವ್ವ ಫೋನ್ ಮಾಡಿ ಅತ್ತಳು. ಬೆಳಿಗ್ಗೆ ಚಹಾ-ಖಾರಿ ತಿಂದು ಮಧ್ಯಾಹ್ನದವರೆಗೆ ಹಾಗೇ ಇರುತ್ತೀಯಂತೆ. ಹಾಲು ಕಡಿಮೆ ಮಾಡಿದ್ದೀರಂತೆ, ಹಣ್ಣು ತರುವುದನ್ನು ಬಿಟ್ಟೇ ಬಿಟ್ಟಿದ್ದೀರಂತೆ. ಯಾಕೆ ಅಂದರೆ ಟಿವಿ, ಸೋಫಾ, ಫೋನು, ಎಲ್ಲದರ ಕಂತು ಒಟ್ಟಿಗೆ ಬಂದು ಕೂತಿದೆ. ಸಾಲ ತೀರಿಸಬೇಕು ಅನ್ನುವ ಹಟ ಒಳ್ಳೆಯದೇ. ಆದರೆ ನೀನು ಕತ್ತರಿ ಹಾಕಿದ ಜಾಗ ಸರಿ ಇಲ್ಲಪ್ಪ. ಖರ್ಚು ಕಡಿಮೆ ಮಾಡಬೇಕು ಅಂದ ತಕ್ಷಣ ಜನ ಮೊದಲು ಅಡುಗೆಮನೆಗೇ ಕೈ ಹಾಕುತ್ತಾರೆ. ಹಾಲು, ಹಣ್ಣು, ತರಕಾರಿಗೆ ದಿನಾ ಕಿಸೆಯಿಂದ ದುಡ್ಡು ತೆಗೆದು ಕೊಡುತ್ತೇವಲ್ಲ, ಅದು ಕಣ್ಣಿಗೆ ಚುಚ್ಚುತ್ತದೆ. ತಿಂಗಳಿಗೊಮ್ಮೆ ಖಾತೆಯಿಂದ ತಾನೇ ಹೋಗುವ ದುಡ್ಡು ಯಾರಿಗೂ ಚುಚ್ಚುವುದಿಲ್ಲ.

ಇನ್ನೊಂದು ವಿಷಯ. ಮನೆಯಲ್ಲಿ ಊಟ ಕಡಿಮೆ ಆದರೆ ಅದು ಮೊದಲು ಕಡಿಮೆ ಆಗುವುದು ಹೆಂಗಸರ ತಟ್ಟೆಯಲ್ಲಿ. ನಿನಗೆ ಗೊತ್ತೂ ಆಗುವುದಿಲ್ಲ. ನಿನಗೆ ಬಡಿಸಿ, ಉಳಿದ ಪಲ್ಲೆಯನ್ನು ನಾಳೆ ಬೆಳಿಗ್ಗೆಗೆ ಎತ್ತಿಟ್ಟು, ನಿನ್ನ ಹೆಂಡತಿ ಸವಿತಾ ಚಟ್ನಿ ಹಚ್ಚಿಕೊಂಡು ಒಂದು ರೊಟ್ಟಿಯಲ್ಲಿ ಮುಗಿಸಿರುತ್ತಾಳೆ. ರಾತ್ರಿ ಇಬ್ಬರೂ ಒಟ್ಟಿಗೆ ಕೂತು ಉಣ್ಣಿ. ಎದುರಿಗೆ ಕೂತರೆ ತಟ್ಟೆ ಕಾಣುತ್ತದೆ.

ಮೊದಲು ಸಾಲದ ಮಾತು ಮುಗಿಸಿಬಿಡೋಣ. ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ "ಕನಿಷ್ಠ ಮೊತ್ತ" ಅಂತ ಒಂದು ಅಂಕಿ ಇರುತ್ತದೆ ನೋಡು. ಅದಷ್ಟನ್ನೇ ಕಟ್ಟಿ ಸುಮ್ಮನಾದರೆ ಉಳಿದ ಬಾಕಿಗೆ ತಿಂಗಳಿಗೆ ನೂರಕ್ಕೆ ಮೂರು, ಮೂರೂವರೆ ಬಡ್ಡಿ ಬೀಳುತ್ತದೆ. ವರ್ಷದ ಲೆಕ್ಕ ಹಾಕು, 36ರಿಂದ 42 ಆಯಿತು. ಸೊಸೈಟಿಯಲ್ಲಿ ಲೆಕ್ಕ ಬರೆದು ನಿವೃತ್ತನಾದವನು ನಾನು, ಈ ಅಂಕಿ ನೋಡಿದರೆ ನಿದ್ದೆ ಹಾರುತ್ತದೆ. ನಮ್ಮ ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಹಕಾರಿ ಸಂಘ ಕಟ್ಟಿದ್ದು ರೈತರು ಸಾಹುಕಾರರ ಬಡ್ಡಿಯಿಂದ ಪಾರಾಗಲಿ ಅಂತ. ಈಗ ಅದೇ ಸೀಮೆಯ ಹುಡುಗ ಅಂಥದ್ದೇ ಬಡ್ಡಿಯನ್ನು ಫೋನಿನ ಮೇಲೆ ಬೆರಳೊತ್ತಿ ಮನೆಗೆ ಕರೆಯುತ್ತಾನೆ. ಮದುವೆಯಲ್ಲಿ ಬಂದ ದುಡ್ಡನ್ನು ಠೇವಣಿ ಇಟ್ಟಿದ್ದೀಯಲ್ಲ, ಅದಕ್ಕೆ ಬರುವುದು ಆರೋ ಏಳೋ ಪರ್ಸೆಂಟು. ಅದನ್ನು ಮುರಿ, ಕಾರ್ಡಿನ ಬಾಕಿ ಪೂರ್ತಿ ಕಟ್ಟು. ಅವಧಿಗೆ ಮೊದಲು ಮುರಿದರೆ ಬಡ್ಡಿಯಲ್ಲಿ ಸ್ವಲ್ಪ ಹಿಡಿಯುತ್ತಾರೆ, ಹಿಡಿಯಲಿ ಬಿಡು. ಆಮೇಲೆ ಪೋಸ್ಟಾಫೀಸಿನಲ್ಲಿ ಒಂದು ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ಶುರು ಮಾಡು. ಐದು ವರ್ಷದ್ದು, ತಿಂಗಳಿಗೆ 100 ರೂಪಾಯಿಯಿಂದಲೂ ಆಗುತ್ತದೆ. ಮುಂದಿನ ಫ್ರಿಜ್ಜು, ವಾಷಿಂಗ್ ಮಷಿನ್ನು ಏನಿದ್ದರೂ ಅದರಿಂದಲೇ ಬರಲಿ.

ಹಾಂ, ಫೋನಿನ ಕಂತಿನ ವಿಷಯ ಸವಿತಾಗೆ ಇನ್ನೂ ಗೊತ್ತಿಲ್ಲ ಅಂತ ಕೇಳಿದೆ. ಈ ಪತ್ರ ಅವಳೂ ಓದಬೇಕು. ಅದಕ್ಕೆ ಮೊದಲು ನೀನೇ ಬಾಯಿಬಿಟ್ಟು ಹೇಳಿಬಿಡು, ಅಲ್ವಾ?

ಅಡುಗೆಮನೆಯಲ್ಲಿ ಉಳಿಸುವುದಕ್ಕೆ ಬೇರೆ ದಾರಿ ಇದೆ. ಹೊಟ್ಟೆ ಕಟ್ಟುವುದು ಬೇಡ. ಜೋಳ, ಕಾಳು, ಖಾರ ಈ ಮೂರನ್ನು ಸುಗ್ಗಿಯಲ್ಲಿ ತುಂಬಿಸಿಕೊಂಡರೆ ವರ್ಷವಿಡೀ ಅಂಗಡಿಗೆ ಓಡುವ ಕೆಲಸ ಅರ್ಧ ಕಡಿಮೆ. ಹಿಂಗಾರಿ ಬಿಳಿಜೋಳ ಫೆಬ್ರುವರಿ-ಮಾರ್ಚಿಗೆ ಪೇಟೆಗೆ ಬರುತ್ತದೆ. ಚೆನ್ನಾಗಿ ಬಿಸಿಲಿಗೆ ಹಾಕಿ, ಒಣಗಿದ ಬೇವಿನ ಸೊಪ್ಪು ಬೆರೆಸಿ ಡಬ್ಬಿಗೆ ತುಂಬಿದರೆ ನುಸಿ ಬೇಗ ಹತ್ತುವುದಿಲ್ಲ. ಒಣಮೆಣಸಿನಕಾಯಿಯೂ ಆಗಲೇ. ಬ್ಯಾಡಗಿ ಕಾಯಿಗೆ 2011ರಲ್ಲಿ ಜಿಐ ಗುರುತು, ಅಂದರೆ ಇದು ಈ ಸೀಮೆಯದೇ ಬೆಳೆ ಅನ್ನುವ ಸರ್ಕಾರದ ಗುರುತು, ಸಿಕ್ಕ ಮೇಲೆ ಹೆಸರು ಇನ್ನೂ ದೊಡ್ಡದಾಗಿದೆ, ಆದರೆ ಬ್ಯಾಡಗಿ ಪೇಟೆಗೆ ಆಂಧ್ರದ ಕಾಯಿಯೂ ಬರುತ್ತದೆ. ಉದ್ದಕ್ಕೆ, ಸುಕ್ಕುಸುಕ್ಕಾಗಿ, ಕಡುಗೆಂಪು ಇರುವುದನ್ನು ನೋಡಿ ತಗೊಂಡು ನೀವೇ ಖಾರ ಕುಟ್ಟಿಸಿ. ಬಣ್ಣ ಜಾಸ್ತಿ, ಖಾರ ಕಡಿಮೆ, ಹೊಟ್ಟೆಗೂ ಹಿತ. ಸವಿತಾಗೆ ರೊಟ್ಟಿ ಬಡಿಯಲು ಬರುವುದಿಲ್ಲ ಅಂತ ನಿಮ್ಮವ್ವ ಗೊಣಗುತ್ತಾಳೆ. ನೀನು ಕಲಿ, ಯಾರು ಬೇಡ ಅಂದರು? ಅಲ್ಲಿಯವರೆಗೆ ಖಡಕ್ ರೊಟ್ಟಿ ತಂದಿಡಿ. ಹುಬ್ಬಳ್ಳಿಯಲ್ಲಿ ರೊಟ್ಟಿ ಮಾಡಿ ಮಾರಿ ಸಂಸಾರ ನಡೆಸುವ ಹೆಣ್ಣುಮಕ್ಕಳಿಗೇನು ಕಡಿಮೆಯಾ. ಆ್ಯಪಿನಲ್ಲಿ ಒಂದು ರಾತ್ರಿ ತರಿಸುವ ಊಟದ ದುಡ್ಡಿನಲ್ಲಿ ವಾರದ ರೊಟ್ಟಿ ಬರುತ್ತದೆ.

ಬೆಳಿಗ್ಗೆ ಬರೀ ಚಹಾ ಕುಡಿದು ಹೊರಡಬೇಡ. ರಾತ್ರಿ ಉಳಿದ ರೊಟ್ಟಿ ಮುರಿದು ಉಳ್ಳಾಗಡ್ಡಿ ಹಾಕಿ ಒಗ್ಗರಣೆ ಕೊಟ್ಟರೆ ಹತ್ತು ನಿಮಿಷದ ಕೆಲಸ. ಚುರಮುರಿ ನೆನೆಸಿ ಪುಟಾಣಿ ಹಿಟ್ಟು ಉದುರಿಸಿದರೆ ಸುಸಲಾ. ಮಡಕಿ ಕಾಳು ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನ ಮೊಳಕೆ. ಇವು ಯಾವುದಕ್ಕೂ ಖಾರಿಗಿಂತ ಜಾಸ್ತಿ ಖರ್ಚಿಲ್ಲ. ಹಾಲು ಮೊದಲಿನಷ್ಟೇ ತಗೊಳ್ಳಿ, ಮಿಕ್ಕದ್ದಕ್ಕೆ ಹೆಪ್ಪು ಹಾಕಿ. ಗ್ಯಾಸಿಗೂ ಒಂದು ಮಾತು. ಬೇಳೆ ಅರ್ಧ ತಾಸು ನೆನೆಸಿ ಕುಕ್ಕರಿಗಿಡಿ. ಉರಿ ನೀಲಿ ಇರಬೇಕು. ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರಿನ ತೂತು ಕಟ್ಟಿರುತ್ತದೆ. ಆರಿದ ಮೇಲೆ ಸೂಜಿಯಿಂದ ಬಿಡಿಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಸಿಲಿಂಡರ್ ಹಚ್ಚಿದ ತಾರೀಕನ್ನು ಕ್ಯಾಲೆಂಡರಿನ ಮೇಲೆ ಬರೆಯಿರಿ, 14.2 ಕಿಲೋ ಎಷ್ಟು ದಿನ ಬಂತು ಅಂತ ತಾನೇ ಗೊತ್ತಾಗುತ್ತದೆ.

ಈಗ ನನಗೆ ಇಷ್ಟದ ವಿಷಯಕ್ಕೆ ಬರುತ್ತೇನೆ. ನಿಮ್ಮ ನವನಗರದ ಬಾಡಿಗೆ ಮನೆಯ ಹಿಂದೆ ಮಂಚ ಹಾಕುವಷ್ಟು ಹಿತ್ತಲಿದೆ, ಮೇಲೆ ಬಯಲು ಟೆರೇಸಿದೆ. ಸವಿತಾ ಗಿಡ ಹಚ್ಚಬೇಕು ಅಂದಾಗ ನೀನು "ಅದಕ್ಕೂ ದುಡ್ಡು ಬೇಕು" ಅಂದೆಯಂತೆ. ನರ್ಸರಿಯಲ್ಲಿ ಬಣ್ಣಬಣ್ಣದ ಕುಂಡ ತಂದರೆ ಬೇಕು, ಹೌದು. ಖಾಲಿ ಪೇಂಟಿನ ಬಕೆಟ್ಟಿಗೆ ಕೆಳಗೆ ಐದಾರು ತೂತು ಹಾಕಿದರೆ ಯಾತರ ದುಡ್ಡು? ಬಣ್ಣ ಬಳಿಯುವವರನ್ನು ಕೇಳಿದರೆ ಸುಮ್ನೆ ಕೊಡುತ್ತಾರೆ. ಟೆರೇಸಿನ ಮೇಲೆ ಇಡುವುದಾದರೆ ಓನರನ್ನು ಕೇಳಿ, ಕೆಳಗೆ ಇಟ್ಟಂಗಿ ಕೊಟ್ಟು ಇಡಿ. ನೀರು ಒಂದೇ ಕಡೆ ನಿಂತು ಸ್ಲ್ಯಾಬಿಗೆ ಇಳಿದರೆ ಬಾಡಿಗೆ ಮನೆಗೆ ಕೊಟ್ಟ ಠೇವಣಿಯಲ್ಲಿ ಮುರಿದುಕೊಳ್ಳುತ್ತಾರೆ.

ಮಣ್ಣೇ ಮುಖ್ಯ. ನಮ್ಮ ಕಡೆಯ ಎರೆಮಣ್ಣು ಹೊಲದಲ್ಲಿ ಬಂಗಾರ. ಡಬ್ಬಿಯೊಳಗೆ ಅದನ್ನೊಂದನ್ನೇ ತುಂಬಬೇಡಿ. ನೀರು ಕುಡಿದು ಉಬ್ಬುತ್ತದೆ, ಒಣಗಿದ ಮೇಲೆ ಬಿರಿದು ಇಟ್ಟಂಗಿಯಂತಾಗುತ್ತದೆ, ಬೇರು ಹರಿದುಹೋಗುತ್ತದೆ. ಧಾರವಾಡದ ಕಡೆಯ ಕೆಂಪು ಮಸಾರಿ ಸಿಕ್ಕರೆ ಒಳ್ಳೆಯದು. ಒಂದು ಬುಟ್ಟಿ ಮಸಾರಿ, ಒಂದು ಬುಟ್ಟಿ ಹಳೇ ತಿಪ್ಪೆಗೊಬ್ಬರ, ಅರ್ಧ ಬುಟ್ಟಿ ಉಸುಕು. ಗೊಬ್ಬರ ಪೂರ್ತಿ ಕೊಳೆತು ಪುಡಿಯಾಗಿರಬೇಕು. ಹಸಿ ಸಗಣಿ ಹಾಕಿದರೆ ಬಿಸಿಗೆ ಬೇರು ಸುಡುತ್ತದೆ. ಮುಂದಿನ ಸಲಕ್ಕೆ ಗೊಬ್ಬರ ಮನೆಯಲ್ಲೇ ಆಗುತ್ತದೆ. ತರಕಾರಿ ಸಿಪ್ಪೆ, ಸೋಸಿದ ಚಹಾಪುಡಿ ಎಲ್ಲ ಒಂದು ತೂತಿನ ಬಕೆಟ್ಟಿಗೆ ಹಾಕುತ್ತಾ, ಪ್ರತಿ ಸಲ ಮೇಲೊಂದು ಹಿಡಿ ಒಣ ಎಲೆ ಹಾಕಿ. ವಾಸನೆ ಬಂದರೆ ನೀರು ಜಾಸ್ತಿ ಆಗಿದೆ ಅಂತ ತಿಳಿದು ಇನ್ನಷ್ಟು ಒಣ ಎಲೆ. ಎರಡು ತಿಂಗಳಿಗೆ ಕಪ್ಪಗೆ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ, ಆಗ ತೆಗೆಯಿರಿ.

ಏನು ಹಾಕಬೇಕು ಅನ್ನುವುದರಲ್ಲಿ ಜನ ಎಡವುತ್ತಾರೆ. ಉಳ್ಳಾಗಡ್ಡಿ, ಬಟಾಟಿ ಬೆಳೆಯಲು ಹೋಗಬೇಡಿ, ಅವು ಸಂತೆಯಲ್ಲೇ ಅಗ್ಗ. ದಿನಾ ಸ್ವಲ್ಪವೇ ಬೇಕಾಗಿ, ತಂದದ್ದರಲ್ಲಿ ಅರ್ಧ ಬಾಡಿ ಕಸಕ್ಕೆ ಹೋಗುವ ಸಾಮಾನು ಇದೆಯಲ್ಲ, ಕೊತ್ತಂಬರಿ, ಕರಿಬೇವು, ಹಸಿಮೆಣಸಿನಕಾಯಿ, ಸೊಪ್ಪು, ಇವು ನಿಮ್ಮ ಹಿತ್ತಲಿನವು. ಈಗ ಮಳೆಗಾಲಕ್ಕೆ ಪುಂಡಿ ಮತ್ತು ರಾಜಗಿರಿ. ರಾಜಗಿರಿ ತಿಂಗಳೊಳಗೆ ಕೊಯ್ಯಲು ಬರುತ್ತದೆ. ಪುಂಡಿಯನ್ನು ಬುಡಸಮೇತ ಕೀಳಬೇಡಿ, ತುದಿ ಚಿವುಟಿ ತೆಗೆದರೆ ಪಕ್ಕದಿಂದ ಮತ್ತೆ ಒಡೆಯುತ್ತದೆ. ಜೋಳದ ನುಚ್ಚು ಹಾಕಿ ಪುಂಡಿ ಪಲ್ಲೆ ಮಾಡಿ, ಮೇಲೆ ಬಳ್ಳೊಳ್ಳಿ ಒಗ್ಗರಣೆ ಬಿದ್ದರೆ ಆ ಹೊತ್ತು ಬೇರೆ ಏನೂ ಬೇಡ. ಮೆಂತ್ಯಕ್ಕೆ ಬೀಜ ಕೊಳ್ಳಬೇಡಿ, ಒಗ್ಗರಣೆ ಡಬ್ಬಿಯದ್ದೇ ಸಾಕು, ರಾತ್ರಿ ನೆನೆಸಿ ಬಿತ್ತಿ. ಆದರೆ ಜಡಿಮಳೆಗೆ ಅದು ಕೊಳೆಯುತ್ತದೆ, ದಸರೆ ಕಳೆದ ಮೇಲೆ ಹಾಕಿ. ಬದನೆಗೆ, ಮೆಣಸಿನಗಿಡಕ್ಕೆ ಹೇನು ಬಿದ್ದರೆ ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಸಿ ಸಂಜೆ ಎಲೆಯ ಅಡಿಗೆ ಹೊಡೆಯಿರಿ. ಹೇನು ಕೂರುವುದು ಎಲೆಯ ಅಡಿಗೇ.

ನೀರಿನ ಮಾತು. ಹುಬ್ಬಳ್ಳಿಯ ಕೆಲವು ವಾರ್ಡಿನವರಿಗೆ 2008ರಿಂದಲೇ 24 ತಾಸು ನೀರು, ನಿಮಗೆ ವಾರಕ್ಕೊಮ್ಮೆ. ಯಾರನ್ನು ಬೈಯುವುದು, ಬಿಡು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರೇ ಆ ಬಕೆಟ್ಟುಗಳಿಗೆ ಸಾಕು. ಫಿಲ್ಟರಿನಿಂದ ಹೊರಬೀಳುವ ನೀರಿನಲ್ಲಿ ಉಪ್ಪಿನಂಶ ಜಾಸ್ತಿ, ಅದನ್ನು ನೆಲ ಒರೆಸಲು ಇಡಿ. ಬಟ್ಟೆಯ ಸೋಪಿನ ನೀರು ಸೊಪ್ಪಿಗೆ ಬೇಡ.

ವಾರದ ನೀರು ಹಿಡಿದಿಡುವ ಬ್ಯಾರಲ್ ಬಗ್ಗೆ ಮಾತ್ರ ಸರಿಯಾಗಿ ಕೇಳಿಸಿಕೋ. ಡೆಂಗ್ಯೂ ಸೊಳ್ಳೆಗೆ ಕೊಚ್ಚೆ ಬೇಕಿಲ್ಲ, ನಿಂತ ಒಳ್ಳೇ ನೀರೇ ಬೇಕು. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ನಿಮ್ಮ ನೀರು ಬರುವ ಸರದಿಯೂ ಅಷ್ಟೇ! ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿಗೆ, ಬ್ಯಾರಲ್ಲಿನ ಒಳಗೋಡೆಗೆ. ಕಪ್ಪಗೆ, ಸಣ್ಣಗೆ ಅಂಟಿಕೊಂಡಿರುತ್ತದೆ, ನೋಡಿದರೆ ಕೊಳೆ ಅನ್ನಿಸುತ್ತದೆ. ನೀರು ಚೆಲ್ಲಿ ಬಿಸಿಲಿಗೆ ಬೋರಲು ಹಾಕಿದರೂ ಸಾಯುವುದಿಲ್ಲ, ತಿಂಗಳುಗಟ್ಟಲೆ ಒಣಗಿಕೊಂಡೇ ಇದ್ದು ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಅದಕ್ಕೇ ನೀರು ಬರುವ ದಿನ ಹಳೇ ನೀರನ್ನು ಗಿಡಕ್ಕೆ ಸುರಿದು, ಒಳಗೋಡೆಯನ್ನು ತೆಂಗಿನ ನಾರಿನಿಂದ ಗರಗರ ತಿಕ್ಕಿ, ತೊಳೆದು, ಆಮೇಲೆ ಹೊಸ ನೀರು ಹಿಡಿಯಿರಿ. ಮೇಲೆ ಹಳೇ ಪಂಚೆ ಬಿಗಿಯಾಗಿ ಕಟ್ಟಿ. ಕುಂಡದ ಕೆಳಗೆ ತಟ್ಟೆ ಇಡಲೇಬೇಡಿ. ಡೆಂಗ್ಯೂ ಆಗಿ ನಾಲ್ಕು ದಿನ ಮಲಗಿದರೆ ನೀವು ಹಾಲಿನಲ್ಲಿ ಉಳಿಸಿದ್ದೆಲ್ಲ ಒಂದೇ ಬಿಲ್ಲಿಗೆ ಹೋಗುತ್ತದೆ.

ಆರೋಗ್ಯದ ಲೆಕ್ಕವೂ ಇದೇ. ನಿಮ್ಮಪ್ಪನಿಗೆ ನಲವತ್ತಕ್ಕೇ ಬಿಪಿ ಬಂದಿತ್ತು, ನಿನಗೀಗ ಮೂವತ್ತು ದಾಟಿದೆ. ಬೈರಿದೇವರಕೊಪ್ಪದಲ್ಲಿ ಸರ್ಕಾರದ "ನಮ್ಮ ಕ್ಲಿನಿಕ್" ಇದೆ, 2022ರ ಡಿಸೆಂಬರಿನಲ್ಲಿ ಶುರುವಾದದ್ದು. ಬಿಪಿ, ಸಕ್ಕರೆ ಪುಕ್ಕಟೆ ನೋಡುತ್ತಾರೆ. ಸವಿತಾಳನ್ನೂ ಕರೆದುಕೊಂಡು ಹೋಗು, ರಕ್ತ ಕಡಿಮೆ ಇದೆಯಾ ಅಂತ ಕೇಳು. ಗುಳಿಗೆ ಬರೆದುಕೊಟ್ಟರೆ ಅದೇ ಔಷಧ ಜನೌಷಧಿ ಅಂಗಡಿಯಲ್ಲಿ ಇದೆಯಾ ಅಂತ ಡಾಕ್ಟರನ್ನೇ ಕೇಳಿ ತಗೋ, ಎಷ್ಟೋ ಅಗ್ಗ. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗಿರಲಿ, ಅಂದರೆ ಒಂದು ಸಣ್ಣ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಗಿರಮಿಟ್-ಮಿರ್ಚಿ ಎಲ್ಲ ಅದರಲ್ಲೇ ಬಂತು. ಮಿರ್ಚಿ ಬಿಡು ಅಂತ ನಾನು ಹೇಳಲಾರೆ, ನಾನೇ ಬಿಟ್ಟಿಲ್ಲ. ವಾರಕ್ಕೊಮ್ಮೆ ಸಾಕು. ಜಿಮ್ಮಿಗೆ ವರ್ಷದ ದುಡ್ಡು ಕಟ್ಟಿ ಹೋಗದೇ ಇದ್ದೀಯಲ್ಲ, ಉಣಕಲ್ ಕೆರೆ ಇರುವುದು ನಿಮ್ಮ ಮಗ್ಗುಲಲ್ಲೇ. ಬೆಳಿಗ್ಗೆ ಇಬ್ಬರೂ ಒಂದು ಸುತ್ತು ಹಾಕಿ. ಧಾರವಾಡದ ಆಫೀಸಿಗೆ ಬೈಕು ಬಿಟ್ಟು, ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹೋಗಿ ನೋಡು. ಪೆಟ್ರೋಲೂ ಉಳಿಯುತ್ತದೆ, ಬೆನ್ನೂ ಉಳಿಯುತ್ತದೆ. ರಾತ್ರಿ ಪಾಳಿ ಜಾಸ್ತಿ ಹಚ್ಚಿಕೊಂಡು ದುಡಿಯುವುದನ್ನು ಮಾತ್ರ ಈ ತಿಂಗಳಿಗೇ ನಿಲ್ಲಿಸು. ಕಾರ್ಡಿನ ಬಾಕಿ ತೀರಿದರೆ ಅದರ ಅವಶ್ಯಕತೆಯೇ ಇರುವುದಿಲ್ಲ.

ಭಾನುವಾರ ನಮ್ಮ ಪಕ್ಕದ ಮನೆಯವರು ಹುಬ್ಬಳ್ಳಿಗೆ ಬರುತ್ತಾರೆ. ಅವರ ಕೈಯಲ್ಲಿ ಒಂದು ಚೀಲ ಜೋಳ, ಪುಂಡಿ ಬೀಜ, ಅತ್ತಿ ಮಾಡಿದ ಗುರೆಳ್ಳು ಚಟ್ನಿ, ಒಂದು ನುಗ್ಗೆ ಕೊಂಬೆ ಕಳಿಸುತ್ತಿದ್ದೇನೆ. ಕೊಂಬೆಯ ಮೇಲಿನ ತುದಿಗೆ ಸುಣ್ಣ ಹಚ್ಚಿದ್ದೇನೆ, ತಲೆಕೆಳಗು ನೆಡಬೇಡ. ಓನರನ್ನು ಕೇಳಿ, ಗೋಡೆಯಿಂದ ದೂರ ನೆಡು. ಚಿಗುರು ಒಡೆಯುವವರೆಗೆ ನೀರು ಕಡಿಮೆ ಹಾಕು. ಚಟ್ನಿಯ ಸ್ಟೀಲ್ ಡಬ್ಬಿ ಮರೆಯದೆ ವಾಪಸ್ ಕಳಿಸು. ಹೋದ ಸಲದ್ದೂ ಬಂದಿಲ್ಲ ಅಂತ ಅತ್ತಿ ಬರೆಯಿಸುತ್ತಿದ್ದಾಳೆ.

ಇಂತು ನಿನ್ನ ಮಾವ